ಗ್ರಂಥಾಲಯದಲ್ಲಿ ದೇವದೂತನ ಕಾಟ

ಸಹನಾ, ಚಂದ್ರಬಂಡದ ಪಂಚಾಯಿತಿ ಗ್ರಂಥಾಲಯದಲ್ಲಿ ನಿನಗೆ ಕೆಲಸ ಸಿಕ್ಕ ದಿನ ನೀನು ನನ್ನನ್ನು ಕೇಳಿದೆ: "ಅಜ್ಜಿ, ಅಲ್ಲಿ ದಿನಪೂರ್ತಿ ಏನ್ ಮಾಡಬೇಕು? ಬರೇ ಪುಸ್ತಕ ಕಾಯೋದಾ?" ನಾನು ಸುಮ್ಮನೆ ನಕ್ಕು ಒಳಗೆ ಹೋದೆ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದು ನಿಮಗೆಲ್ಲ ಗೊತ್ತು. ಮನೆಗೆ ಜನ ಬಂದರೆ ಚಹಾ ಕೊಡುವ ನೆಪದಲ್ಲಿ ಒಮ್ಮೆ ಕಾಣಿಸಿಕೊಂಡು, ಕಪ್ಪು ತೊಳೆಯುವ ನೆಪದಲ್ಲಿ ಮಾಯವಾಗುವವಳು ನಾನು. ಅದಕ್ಕೇ ಬರೆದು ಕೊಡುತ್ತಿದ್ದೇನೆ. ನಿನ್ನ ತಮ್ಮ ಕಿರಣನೂ ಓದಲಿ. ಮೊನ್ನೆ ಅವನು ಮೊಬೈಲಿನಲ್ಲಿ ಕೇಳುತ್ತಿದ್ದ ಕಥೆಯಲ್ಲಿ ಒಬ್ಬ ದೇವದೂತ ಮೋಟಾರ್ ಸೈಕಲ್ ಮೇಲೆ ಬಂದು ಕಾಲೇಜು ಹುಡುಗಿಯನ್ನು ಪ್ರೀತಿಸುತ್ತಿದ್ದ. ನಾನು ಜೋಳದ ಹಿಟ್ಟು ನಾದುವುದನ್ನು ಬಿಟ್ಟು, "ಬಂದ್ ಮಾಡೋ ಅದನ್ನ" ಎಂದು ಕೂಗಿದೆ. ಅಜ್ಜಿ ಕೂಗಿದ್ದನ್ನು ಅವನು ಮೊದಲ ಸಲ ಕೇಳಿದ್ದಂತೆ. ಗಾಬರಿಯಾಗಿಬಿಟ್ಟ.

ಏನು ಮಾಡಲಿ? ನನ್ನ ನೌಕರಿಯ ಅರ್ಧ ಸಿಟ್ಟು ಈ ದೇವದೂತರ ಮೇಲಿನದೇ.

ನಾನು ಕುರ್ಡಿಯ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು. ನಿಮ್ಮ ಅಜ್ಜ ಗ್ರಂಥಾಲಯದಲ್ಲಿ ಸಹಾಯಕರಾಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಅದೇ ಕೆಲಸ ಕೊಟ್ಟರು, ದೇವದುರ್ಗದಲ್ಲಿ. ಮೊದಲ ದಿನ ಹೋಗಿ ಕಪಾಟಿನ ಹಿಂದೆ ನಿಂತುಕೊಂಡೆ. ಓದುಗರು ಬಂದರೆ ಪುಸ್ತಕವನ್ನು ಕಪಾಟಿನ ಸಂದಿಯಿಂದ ಚಾಚುತ್ತಿದ್ದೆ. ಬಳೆ ಹಾಕಿದ ಕೈಯೊಂದು ಪುಸ್ತಕ ಕೊಡುತ್ತದೆ, ಮುಖ ಕಾಣುವುದಿಲ್ಲ ಎಂದು ಊರಲ್ಲಿ ಮಾತಾಯಿತು. ಗ್ರಂಥಪಾಲಕರಾದ ವೀರಭದ್ರಪ್ಪ ಸಾಹೇಬರು ಕರೆದು, "ಹೊರಗ ಬರ್ರಿ ಯವ್ವಾ, ಇದೇನು ಗವಿ ಅಲ್ಲ" ಎಂದರು. ಒಳ್ಳೆಯ ಮನುಷ್ಯ. ಆದರೆ ಪುಸ್ತಕವನ್ನು ಮುಖಪುಟ ನೋಡಿ ಅಳೆಯುವವರು, ಒಳಗಿನ ಪುಟ ನೋಡಿದ್ದನ್ನು ನಾನು ಕಾಣಲಿಲ್ಲ.

ಆ ಕಾಲದಲ್ಲಿ ತಿಂಗಳಿಗೊಂದು ಕಂತೆ ಕಾದಂಬರಿ ಬರುತ್ತಿದ್ದವು. ಕೈಗೆ ಹಿಡಿದರೆ ಬಣ್ಣ ಅಂಟುವಂಥ ಮುಖಪುಟ. ಅವುಗಳಲ್ಲಿ ಕೆಲವುಗಳ ಮೇಲೆ ರೆಕ್ಕೆಯಿರುವ ಬಿಳಿಯ ಬಟ್ಟೆಯವನೊಬ್ಬ ಇರುತ್ತಿದ್ದ. ರೆಕ್ಕೆ ಕಂಡದ್ದೇ ಸಾಹೇಬರು, "ಇವು ದೇವರ ಪುಸ್ತಕ, ಧರ್ಮದ ಕಪಾಟಿಗೆ ಹಾಕ್ರಿ" ಎಂದರು. ನಾನು ಹಾಕಿದೆ. ನಿವೃತ್ತ ಮಾಸ್ತರರೊಬ್ಬರು, ದಿನಾ ವಿಭೂತಿ ಹಚ್ಚಿಕೊಂಡು ಬಂದು ಶರಣರ ಪುಸ್ತಕ ಕೇಳುವವರು, ಅದರಲ್ಲೊಂದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಮನೆಗೆ ಒಯ್ದರು. ಮರುದಿನ ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

"ಯವ್ವಾ, ಈ ದೇವದೂತ ಮಳ್ಯಾಗ ಆಕಿನ್ನ ಎತ್ತಿಕೊಂಡು ಕುಣೀತಾನ. ಇದು ಧರ್ಮ ಏನು?"

ನಾನು ಪುಸ್ತಕವನ್ನು ಸೆರಗಿನಿಂದ ಒರೆಸತೊಡಗಿದೆ.

"ಮೊಮ್ಮಗಳಿಗೆ ಓದಿ ಹೇಳಾಕತ್ತಿದ್ದೆ! ಆಕಿ ನನಗಿಂತ ಮುಂದ ಓದಿಕೊಂಡು ನಗಾಕತ್ತಿದ್ದಳು!"

ಸಾಹೇಬರು ಅವನ್ನು ಧರ್ಮದಿಂದ ತೆಗೆಸಿ ಮಕ್ಕಳ ಕಪಾಟಿಗೆ ಹಾಕಿಸಿದರು; ರೆಕ್ಕೆಯಿದೆಯಲ್ಲ, ಮಕ್ಕಳಿಗೆ ಇಷ್ಟವಾಗುತ್ತದೆ ಅಂತ. ಅಲ್ಲಿಂದಲೂ ದೂರು ಬಂತು. ಕಾದಂಬರಿಯ ಕಪಾಟಿಗೇ ಹಾಕೋಣ ಎಂದು ಹೇಳಬೇಕೆಂದು ನಾನು ಎಷ್ಟೋ ಸಲ ಅವರ ಮೇಜಿನವರೆಗೆ ಹೋದೆ. ಪ್ರತಿ ಸಲವೂ ಅವರು ತಲೆಯೆತ್ತಿ, "ಏನ್ರಿ?" ಎನ್ನುವರು. ನಾನು, "ಫ್ಯಾನ್ ತಿರಗವಲ್ದು" ಎಂದು ಹೇಳಿ ಬರುವೆ. ಕಡೆಗೆ ಅವರೇ 'ಇತರೆ' ಎಂಬ ಕಪಾಟು ಮಾಡಿಸಿದರು. ಅದರಲ್ಲಿ ಹತ್ತಿ ಬೆಳೆಗೆ ಔಷಧ ಹೊಡೆಯುವ ಕೈಪಿಡಿಗಳಿದ್ದವು. ದೇವದೂತರೆಲ್ಲ ಕಾಯಿಕೊರಕ ಹುಳದ ಪಕ್ಕ ಕೂತರು. ಓದುವವರಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ. ಹುಡುಕಿಕೊಂಡು ಅಲ್ಲಿಗೇ ಹೋದರು. ಹತ್ತಿಯ ಕೈಪಿಡಿಗಳ ಮೇಲೂ ಎಣ್ಣೆ ಕೈಯ ಗುರುತು ಬಿತ್ತು.

ನಾನೂ ಅವನ್ನು ಓದಿದೆ. ಓದದೆ ಪುಸ್ತಕ ಕೊಡುವುದು ರುಚಿ ನೋಡದೆ ಸಾರು ಬಡಿಸಿದ ಹಾಗೆ. ಓದಿ ತಲೆಕೆಟ್ಟು ಹೋಯಿತು. ಎಲ್ಲ ದೇವದೂತರೂ ಒಂದೇ. ಮುಖಕ್ಕೆ ಗಡ್ಡ ಮೀಸೆ ಇಲ್ಲ. ನಮ್ಮ ಬಿಸಿಲಿನಲ್ಲೂ ಕಾಲ ಕೆಳಗೆ ಮಂಜು. ಮಾತು ಮಾತ್ರ ಪಾಠದ ಪುಸ್ತಕದ ಕನ್ನಡ: "ಭಯಪಡದಿರು ಮಗಳೇ." ಅದಿರಲಿ, ಬರುವುದು ಯಾವಾಗ? ಕಡೆಯ ಅಧ್ಯಾಯಕ್ಕೆ. ಗಂಡ ಕುಡಿದು ಹೊಡೆಯುವಾಗ ಇಲ್ಲ, ಅತ್ತೆ ಅನ್ನ ಹಾಕದಿರುವಾಗ ಇಲ್ಲ. ಹೆಣ್ಣುಮಗಳು ಪುಸ್ತಕದುದ್ದಕ್ಕೂ ಅತ್ತು ಅತ್ತು ಹಣ್ಣಾದ ಮೇಲೆ ಬೆಳಕಿನ ಸಮೇತ ಪ್ರತ್ಯಕ್ಷ. ಮೊದಲ ಅಧ್ಯಾಯದಲ್ಲೇ ಬಾಗಿಲು ಬಡಿದಿದ್ದರೆ ಇವನಿಗೆ ಏನು ಹೋಗುತ್ತಿತ್ತು? ಪುಸ್ತಕ ತೆಳ್ಳಗಾಗುತ್ತಿತ್ತು, ಅಷ್ಟೇ.

ಕೆಲವು ವರ್ಷಗಳ ಮೇಲೆ ನನಗೂ ವೀರಭದ್ರಪ್ಪ ಸಾಹೇಬರಿಗೂ ಒಟ್ಟಿಗೇ ಮಾನ್ವಿಗೆ ವರ್ಗವಾಯಿತು. ದೇವದೂತರು ಅಲ್ಲಿ ನಮಗಿಂತ ಮೊದಲೇ ಬಂದು ಕೂತಿದ್ದರು. ಸಾಹೇಬರು ಅಲ್ಲೂ ಒಂದು 'ಇತರೆ' ಕಪಾಟು ಮಾಡಿಸಿದರು. ಗ್ರಂಥಾಲಯಕ್ಕೆ ಹೆಣ್ಣುಮಕ್ಕಳು ಬರುತ್ತಿಲ್ಲ, ಬರುವ ಹಾಗೆ ಮಾಡಿ ಎಂದು ರಾಯಚೂರಿನ ಮೇಲಧಿಕಾರಿಗಳು ಸುತ್ತೋಲೆ ಕಳಿಸಿದ್ದರು. ಸಾಹೇಬರು ಸುತ್ತೋಲೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, "ನೀವು ಹೆಣ್ಣುಮಗಳು, ನೀವ ಕರೀರಿ" ಎಂದರು. ನಾನು ಯಾರನ್ನು ಕರೆಯಲಿ? ಬಾಗಿಲಲ್ಲಿ ಒಂದು ಮಣ್ಣಿನ ಹರವಿಯ ತುಂಬ ತಣ್ಣೀರು ಇಟ್ಟೆ. ಅಕ್ಕಿ ಗಿರಣಿಯಲ್ಲಿ ನುಚ್ಚು ಕೇರುವ ಹೆಂಗಸರು ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ನೀರು ಕುಡಿಯಲು ಬಂದರು. ಕುಡಿದು ನೆರಳಲ್ಲಿ ಕೂತರು. ಬಳೆ ಮಾರುವ ಹುಸೇನಬಿ ಬುಟ್ಟಿ ಇಳಿಸಿ ಗೋಡೆಗೊರಗಿದಳು. ಗಿರಣಿಯವರಲ್ಲಿ ಹಿರಿಯಳಾದ ನಿಂಗಮ್ಮ ಒಂದು ದಿನ ಕೇಳಿದಳು:

"ಯವ್ವಾ, ಇಷ್ಟು ಪುಸ್ತಕ ಇಟ್ಕೊಂಡು ಕುಂತಿ, ಒಂದರೆ ಓದಿ ಹೇಳ. ಸುಮ್ ಕುಂತ್ರ ನಿದ್ದಿ ಬರ್ತದ."

ನಾಲ್ಕು ಜನರೆದುರು ಓದಿದವಳಲ್ಲ ನಾನು. ಆದರೂ ಕೈಗೆ ಸಿಕ್ಕ ಪುಸ್ತಕ ತೆರೆದು ಓದಿದೆ.

"ಗುಬ್ಬಿ ನೀರು ಕುಡದಂಗ ಓದಬ್ಯಾಡ ಬೇ," ಎಂದಳು ನಿಂಗಮ್ಮ. "ಜ್ವಾರಾಗಿ ಓದು. ನಾವೇನು ನಿನ್ನ ಮಾವನೋರಲ್ಲ."

ಹೀಗೆ ಶುರುವಾಯಿತು. ದಿನಾ ಮಧ್ಯಾಹ್ನ, ಗಿರಣಿಯ ಸೀಟಿ ಊದುವವರೆಗೆ. ಅವರಿಗೆ ಬೇಕಾದದ್ದು ಯಾವ ಪುಸ್ತಕ? ಮತ್ತೆ ಅದೇ. ಒಳ್ಳೊಳ್ಳೆಯ ಕಾದಂಬರಿ ತೆಗೆದರೆ ಆಕಳಿಸುವರು. "ರೆಕ್ಕಿ ಇದ್ದಾಂವ ಬರೋದು ಓದ" ಎನ್ನುವರು.

ಆದರೆ ಸುಮ್ಮನೆ ಕೇಳುವ ಜನ ಅವರಲ್ಲ. ಒಂದು ಕಥೆಯಲ್ಲಿ ಜ್ವರ ಬಂದು ಮಲಗಿದವಳ ಹಾಸಿಗೆಯ ಬಳಿ ಬಿಳಿಯ ಬಟ್ಟೆಯವನು ನಿಂತು, "ಬಾ ಮಗಳೇ, ಕೈ ಹಿಡಿ" ಎಂದ. ಬರೆದವರ ಪ್ರಕಾರ ಅದು ಸಮಾಧಾನದ ಮಾತು. ಇವರೆಲ್ಲ ಒಟ್ಟಿಗೆ, "ಹಿಡೀಬ್ಯಾಡ!" ಎಂದು ಚೀರಿದರು. ಬಿಳೀ ಬಟ್ಟೆ ಉಟ್ಟು ಕರೆಯದೆ ಬಂದು ಹಾಸಿಗೆಯ ಬಳಿ ನಿಲ್ಲುವವನು ಯಮನ ಕಡೆಯವನೇ ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ರಸ್ತೆಯಲ್ಲಿ ಹೋಗುತ್ತಿದ್ದವರು ಏನಾಯಿತೆಂದು ಒಳಗೆ ಓಡಿಬಂದರು. ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ.

ಇನ್ನೊಂದರಲ್ಲಿ ದೇವದೂತ ನಾಯಕಿಯ ಮನೆಯಲ್ಲಿ ಕಾಫಿ ಕುಡಿದ. ಹುಸೇನಬಿ ಕೈಯೆತ್ತಿ ನಿಲ್ಲಿಸಿದಳು. "ತೋಬಾ! ಫರಿಷ್ತೆ ಕಾಫಿ ಕುಡೀತಾನಾ? ಉಣ್ಣಂಗಿಲ್ಲ, ಮಲಗಂಗಿಲ್ಲ, ಲಗ್ನ ಆಗಂಗಿಲ್ಲ. ದೇವರ ಹುಕುಂ ಇಲ್ದ ಒಂದು ಹೆಜ್ಜಿ ಇಡಂಗಿಲ್ಲ. ಇದನ್ನ ಬರದಾಂವಗ ಯಾರೂ ಹೇಳಿಲ್ಲೇನು?"

"ನಿಮ್ಮೋರು ಕುಡಿಲಿಕ್ಕಿಲ್ಲ, ಇವರು ಬೆಂಗಳೂರು ಕಡ್ಯೋರು, ಕಾಫಿ ಬಿಡಂಗಿಲ್ಲ" ಎಂದಳು ನಿಂಗಮ್ಮ. ಅದರ ಮೇಲೆ ಎಷ್ಟೋ ಹೊತ್ತು ಜಗಳ. ನಾನು ಪುಟದಲ್ಲಿಟ್ಟ ಬೆರಳು ನೋಯುವ ತನಕ ಕೂತಿದ್ದೆ. ಸೀಟಿ ಊದಿತು. ದೇವದೂತನ ಕಾಫಿ ಅರ್ಧಕ್ಕೇ ನಿಂತಿತು.

ಸಹನಾ, ನಿನಗೆ ತರಬೇತಿಯಲ್ಲಿ ಹೇಳಿಕೊಡದ ಒಂದು ಮಾತು ಹೇಳುತ್ತೇನೆ. ಯಾವ ಪುಸ್ತಕವನ್ನೂ ಗಟ್ಟಿಯಾಗಿ ಓದಲು ಶುರುಮಾಡುವ ಮೊದಲು ಕಡೆಯ ಪುಟ ಇದೆಯೋ ಇಲ್ಲವೋ ನೋಡು. ಕಡೆಯ ಹಾಳೆಗಳನ್ನು ಹರಿದುಕೊಂಡು ಹೋಗುವುದು ಓದುಗರ ಹಳೆಯ ಚಟ. ಯಾಕೆ ಹರಿಯುತ್ತಾರೋ ಆ ಶಿವನಿಗೇ ಗೊತ್ತು. ಒಂದು ಸಲ ನಾನು ನೋಡಲಿಲ್ಲ. ಆ ನೀಲಿ ಮುಖಪುಟದ ಪುಸ್ತಕ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅದರ ನಾಯಕಿ ಚಂದ್ರಿಕಾ. ನಮ್ಮವರು ಮೊದಲ ದಿನವೇ ಅವಳನ್ನು ಚಂದ್ರವ್ವ ಮಾಡಿಕೊಂಡರು. ಮಕ್ಕಳಾಗದೆ ಎಷ್ಟೋ ಕಾಲ ಕಣ್ಣೀರಿಟ್ಟವಳು ಬಸುರಿಯಾಗುತ್ತಾಳೆ. ಅದೇ ಹೊತ್ತಿಗೆ ನಮ್ಮ ಗುಂಪಿನಲ್ಲೂ ಒಬ್ಬಳು ಬಸುರಿ ಇದ್ದಳು. ನಿಂಗಮ್ಮನ ಸೊಸೆ ಶರಣಮ್ಮ. ಹಿಂದೆ ಎರಡು ಸಲ ಅವಳಿಗೆ ಕೂಸು ಹುಟ್ಟಿ ಉಳಿದಿರಲಿಲ್ಲ. ಗಿರಣಿಯ ಕೆಲಸ ಬಿಡಿಸಿ ಅತ್ತೆ ಅವಳನ್ನು ಮಧ್ಯಾಹ್ನ ಕಥೆ ಕೇಳಲು ಮಾತ್ರ ಕರೆತರುತ್ತಿದ್ದಳು. ಅವಳು ಗೋಡೆಗೆ ಬೆನ್ನು ಕೊಟ್ಟು, ಹೊಟ್ಟೆಯ ಮೇಲೆ ಸೆರಗು ಹೊದ್ದು, ಒಂದು ಮಾತೂ ಆಡದೆ ಕೇಳುತ್ತಿದ್ದಳು. ನನ್ನ ಹಾಗೆಯೇ ಬಾಯಿಲ್ಲದವಳು. ಅದಕ್ಕೇ ನನ್ನ ಕಣ್ಣು ಅವಳ ಕಡೆಗೇ ಹೋಗುತ್ತಿತ್ತು.

ನಮ್ಮ ಕಡೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುವುದನ್ನು ನೀವು ನೋಡಿದ್ದೀರಿ. ಪುರಾಣದಲ್ಲಿ ಶರಣರು ಹುಟ್ಟುವ ಕಥೆ ಬಂದ ದಿನ ನಿಜವಾಗಿಯೂ ತೊಟ್ಟಿಲು ಕಟ್ಟಿ ತೂಗುತ್ತಾರೆ. ಮದುವೆ ಬಂದ ದಿನ ಅಕ್ಕಿಕಾಳು ಹಾಕುತ್ತಾರೆ. ಹಚ್ಚಿದ ಪುರಾಣವನ್ನು ನಡುವೆ ಬಿಡುವಂತಿಲ್ಲ, ಕಡೆಯವರೆಗೆ ಓದಿ ಮಂಗಲ ಆಗಲೇಬೇಕು. ಬಿಟ್ಟರೆ ಕೇಳಿದವರಿಗೆ ಕೇಡು ಎಂದು ನಂಬಿಕೆ. ನಮ್ಮ ಹೆಂಗಸರಿಗೆ ಕಥೆ ಕೇಳುವ ರೀತಿ ಅದೊಂದೇ ಗೊತ್ತಿದ್ದದ್ದು. ತಿಂಗಳ ಕಾದಂಬರಿಗೂ ಅದನ್ನೇ ಹೂಡಿದರು. ಚಂದ್ರವ್ವನಿಗೆ ಸೀಮಂತವಾದ ದಿನ ಹಸಿರು ಬಳೆ ತಂದು ಶರಣಮ್ಮನ ಕೈಗೆ ತೊಡಿಸಿದವಳು ಹುಸೇನಬಿ. ಉಡಿ ತುಂಬಿದವಳು ನಿಂಗಮ್ಮ. ಗ್ರಂಥಾಲಯದ ನೆಲದ ತುಂಬ ಅಕ್ಕಿಕಾಳು. ನಾನು ಗುಡಿಸಿದೆ. ಬೇಡ ಎನ್ನಬೇಕಿತ್ತು. ಎನ್ನುವ ಬಾಯಿ ಇದ್ದಿದ್ದರೆ ನಾನು ಕಪಾಟಿನ ಹಿಂದೆ ಯಾಕೆ ನಿಲ್ಲುತ್ತಿದ್ದೆ?

ಚಂದ್ರವ್ವ ಹಡೆದದ್ದು ಶನಿವಾರ; ಸಾಹೇಬರು ರಾಯಚೂರಿಗೆ ಸಭೆಗೆ ಹೋಗಿದ್ದರು. ನಿಂಗಮ್ಮ ಮನೆಯಿಂದ ಹಳೆಯ ಸೀರೆ ತಂದು ಇತಿಹಾಸದ ಕಪಾಟಿಗೂ ವಿಜ್ಞಾನದ ಕಪಾಟಿಗೂ ನಡುವೆ ತೊಟ್ಟಿಲು ಕಟ್ಟಿದಳು. ಒಳಗೆ ಅವಳ ಮನೆಯದೇ ಗುಂಡಕಲ್ಲು ಹಾಕಿದರು. ನಾಮಕರಣದಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹೋಗುವುದು ರುಬ್ಬುವ ಗುಂಡಕಲ್ಲೇ ಅಲ್ಲವೇ, ಅದಕ್ಕೆ ಎಣ್ಣೆ ಹಚ್ಚಿ, ಕೂಸಿನ ತಲೆಗೆ ಹಾಕುವ ಕುಲಾಯಿ ತೊಡಿಸಿದ್ದರು. ತೂಗಿ ಜೋಗುಳ ಹಾಡಿದರು. ಮೇಜಿನ ಬಳಿ ಪೇಪರ್ ಓದುತ್ತಿದ್ದ ಗಂಡಸರು ಎದ್ದು ಹೋದರು. ನಾನು ಮುಂದೆ ಓದಿದೆ. ಕೂಸಿಗೆ ಜ್ವರ ಬರುತ್ತದೆ. ವೈದ್ಯರು ಕೈಚೆಲ್ಲುತ್ತಾರೆ. ಚಂದ್ರಿಕಾ ದೇವರ ಮುಂದೆ ಬೀಳುತ್ತಾಳೆ. 'ಆಗ ಬಾಗಿಲಲ್ಲಿ ಬೆಳಕೊಂದು ಮೂಡಿತು. ಬಿಳಿಯ ರೆಕ್ಕೆಗಳು...'

ಪುಟ ತಿರುವಿದರೆ ಹಿಂದಿನ ರಟ್ಟು.

"ಓದ ಬೇ," ಎಂದಳು ನಿಂಗಮ್ಮ.

"ಇಲ್ಲ."

"ಏನಿಲ್ಲ?"

"ಹಾಳಿ ಇಲ್ಲ. ಯಾರೋ ಹರಕೊಂಡು ಹೋಗ್ಯಾರ."

ಎಲ್ಲರ ಮುಖವೂ ಶರಣಮ್ಮನ ಕಡೆ ತಿರುಗಿತು. ಅವಳು ತೊಟ್ಟಿಲನ್ನೇ ನೋಡುತ್ತಿದ್ದಳು. ಅವಳ ಬಾಯಿಂದ ಆ ಗ್ರಂಥಾಲಯದಲ್ಲಿ ಬಂದ ಮೊದಲ ಮಾತು ಅದೇ ಇರಬೇಕು. "ಯಕ್ಕಾ, ಕೂಸು ಉಳೀತದೇನು?"

ಅವಳು ಚಂದ್ರವ್ವನ ಕೂಸಿನ ಬಗ್ಗೆ ಕೇಳುತ್ತಿರಲಿಲ್ಲ. ಅದು ಅಲ್ಲಿದ್ದವರೆಲ್ಲರಿಗೂ ತಿಳಿಯಿತು.

ನಿಂಗಮ್ಮ ತೊಟ್ಟಿಲು ಬಿಚ್ಚಲು ಬಿಡಲಿಲ್ಲ. ಮಂಗಲ ಆಗುವ ತನಕ ಬಿಚ್ಚಬಾರದಂತೆ. "ಎಲ್ಲಿಂದರೆ ತಾ, ಕಡೀ ಹಾಳಿ ತಾ. ನಮ್ಮ ಸೊಸಿ ಬಸುರಿ ಹೆಂಗ್ಸು, ಅರ್ಧ ಪುರಾಣ ಕೇಳಿ ಕುಂದರಬಾರ್ದು" ಎಂದು ಹೊಣೆಯನ್ನು ನನ್ನ ಮೇಲೆ ಹಾಕಿ ಹೊರಟುಹೋದಳು.

ಭಾನುವಾರ ಬಸ್ಸು ಹತ್ತಿ ರಾಯಚೂರಿಗೆ ಹೋದೆ. ಬಸ್ಸಿನುದ್ದಕ್ಕೂ ಬೈದುಕೊಂಡೆ. ಬರೆದವರನ್ನು ಬೈದೆ, ಹಾಳೆ ಹರಿದವರನ್ನು ಬೈದೆ, ಸುತ್ತೋಲೆ ಕಳಿಸಿದವರನ್ನು ಬೈದೆ. ಒಬ್ಬಳು ವಿಧವೆ ರಜೆಯ ದಿನ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಒಬ್ಬ ದೇವದೂತನನ್ನು ಹುಡುಕಿಕೊಂಡು ಊರೂರು ಅಲೆಯುವುದೆಂದರೇನು? ಬಸ್ ನಿಲ್ದಾಣದ ಹತ್ತಿರ ಹಳೆಯ ಪುಸ್ತಕ ಬಾಡಿಗೆಗೆ ಕೊಡುವ ಮುದುಕನೊಬ್ಬ ಕೂರುತ್ತಿದ್ದ. ಅವನ ಮುಂದೆ ನಿಂತು ಸೆರಗಿನ ತುದಿ ತಿರುವುತ್ತ ಪುಸ್ತಕದ ಹೆಸರು ಹೇಳಿದೆ.

"ಕಡೀ ಪುಟ ಬೇಕೇನಮ್ಮಾ?" ಎಂದ. "ಪುಸ್ತಕ ಯಾಕ? ನಾನ ಹೇಳ್ತೀನಿ. ದೇವದೂತ ಬರ್ತಾನ, ಎಲ್ಲಾ ಚಂದ ಆಗ್ತದ. ಎಲ್ಲಾ ಪುಸ್ತಕದಾಗೂ ಅದ ಆಗೋದು."

"ನನಗ ಓದಬೇಕಾಗ್ಯದ," ಎಂದೆ.

ಗೊಣಗುತ್ತ ಕಂತೆಯ ಅಡಿಯಿಂದ ಎಳೆದು ಕೊಟ್ಟ. ಕಡೆಯ ಹಾಳೆಗಳು ಇದ್ದವು. ಮಾನ್ವಿಯ ಬಸ್ಸಿನಲ್ಲಿ ಕಿಟಕಿಯ ಬಳಿ ಕೂತು ತೆರೆದೆ.

ದೇವದೂತ ಬರುತ್ತಾನೆ. ತೊಟ್ಟಿಲ ಬಳಿ ನಿಲ್ಲುತ್ತಾನೆ. ಎರಡೂ ಕೈ ಚಾಚಿ ಕೂಸನ್ನು ಎತ್ತಿಕೊಳ್ಳುತ್ತಾನೆ. "ಇದು ಭೂಮಿಯ ಹೂವಲ್ಲ ಮಗಳೇ, ಸ್ವರ್ಗದ ಹೂವು" ಎಂದು ಹೇಳಿ ಮೋಡಗಳ ಮೇಲೆ ಹಾರಿಹೋಗುತ್ತಾನೆ. ಚಂದ್ರಿಕಾ ಕಣ್ಣೀರಿನ ನಡುವೆ ನಗುತ್ತಾಳೆ. ಮುಗಿಯಿತು.

ನಗುತ್ತಾಳಂತೆ! ಯಾವ ತಾಯಿ ನಗುತ್ತಾಳೆ? ಬಸ್ಸಿನಲ್ಲಿ ಪಕ್ಕದವಳು ನನ್ನ ಮುಖ ನೋಡಿ, "ಯಾಕಕ್ಕ, ಯಾರರ ಹೋದ್ರೇನು?" ಎಂದು ಕೇಳಿದಳು. ನಾನು ಪುಸ್ತಕವನ್ನು ಚೀಲಕ್ಕೆ ತುರುಕಿ ಕಿಟಕಿಯ ಹೊರಗೆ ನೋಡಿದೆ. ಇಷ್ಟು ವರ್ಷ ನೂರಾರು ಪುಸ್ತಕದಲ್ಲಿ ಬಂದು ಬಂದು ಎಲ್ಲವನ್ನೂ ಸರಿಮಾಡಿ ಹೋದವನು, ಬೇಕಾದ ಒಂದೇ ಒಂದು ಪುಸ್ತಕದಲ್ಲಿ ಹೀಗೆ ಮಾಡಿದ. ಬೇಡವಾದಾಗಲೆಲ್ಲ ಬರುವವನು, ಬೇಕಾದಾಗ ಬಂದು ಒಯ್ಯುವವನು.

ಓದದೆ ಬಿಟ್ಟರೆ ಪುರಾಣ ಅರ್ಧಕ್ಕೆ ನಿಂತ ಹಾಗೆ. ಓದಿದರೆ ಹೀಗೆ. ಹೊಸದಾಗಿ ಕಟ್ಟಿ ಹೇಳೋಣವೆಂದರೆ ನಾನು ಇನ್ನೊಬ್ಬರು ಬರೆದದ್ದನ್ನು ಓದಬಲ್ಲೆನೇ ಹೊರತು ಕಟ್ಟಿ ಹೇಳುವ ಧೈರ್ಯದವಳಲ್ಲ. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ, ಊರಿಗೆಲ್ಲ ಕಾಣುತ್ತದೆ. ಆದರೂ ಮನೆಗೆ ಬಂದು ಅಡುಗೆ ಮಾಡುತ್ತ ಅಭ್ಯಾಸ ಮಾಡಿದೆ: "ದೇವದೂತ ಕೂಸಿನ ತಲೆ ಮುಟ್ಟಿದ, ಜ್ವರ ಇಳಿಯಿತು." ಒಲೆಯ ಮುಂದೆ ಸರಾಗವಾಗಿ ಬಂತು.

ಸೋಮವಾರ ಮಧ್ಯಾಹ್ನ ಎಲ್ಲರೂ ಬಂದರು. ಮಂಗಲ ಅಂತ ಊದುಬತ್ತಿ, ಕಾಯಿ, ಸಕ್ಕರೆ ಎಲ್ಲ ತಂದಿದ್ದರು. ದೇವದೂತ ಬರುತ್ತಾನೆಂದು ಅವನಿಗೊಂದು ಕುರ್ಚಿ ಬೇಕೆಂದರು. ಕೈಯಿರುವ ಕುರ್ಚಿ ಗ್ರಂಥಾಲಯದಲ್ಲಿ ಇದ್ದದ್ದು ಒಂದೇ, ಸಾಹೇಬರದು. ಸಾಹೇಬರು ಇನ್ನೂ ರಾಯಚೂರಿನಿಂದ ಬಂದಿರಲಿಲ್ಲ. ಅದನ್ನೇ ಎಳೆದು ತಂದು ತೊಟ್ಟಿಲ ಪಕ್ಕ ಇಟ್ಟು ಟವೆಲ್ ಹಾಸಿದರು. ನಾನು ಪುಸ್ತಕ ತೆರೆದೆ. ಬಾಗಿಲಲ್ಲಿ ಬೆಳಕು ಮೂಡಿತು. ರೆಕ್ಕೆ ಬಂತು. 'ದೇವದೂತ ತೊಟ್ಟಿಲಿನತ್ತ ಬಂದು ಎರಡೂ ಕೈಗಳನ್ನು ಚಾಚಿದ.' ಅಲ್ಲಿಗೆ ನಿಲ್ಲಿಸಿದೆ. ಒಲೆಯ ಮುಂದೆ ಕಲಿತ ಸಾಲು ಬಾಯಿಗೆ ಬರಲಿಲ್ಲ. ಕಿವಿ ಬಿಸಿಯಾಯಿತು.

ನಿಂಗಮ್ಮ ನನ್ನ ಮುಖ ನೋಡಿದಳು. ಮುಂದೆ ಏನಿದೆ ಎಂದು ಕೇಳಲಿಲ್ಲ.

ಹುಸೇನಬಿ ಮೆಲ್ಲಗೆ ಹೇಳಿದಳು, "ಒಯ್ಯಾಕ ಬಂದಾನ."

ಶರಣಮ್ಮ ಹೊಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.

"ತಡಿ," ಎಂದಳು ನಿಂಗಮ್ಮ. "ಓದಬ್ಯಾಡ ಇನ್ನ." ಎದ್ದು ತೊಟ್ಟಿಲ ಬಳಿ ಹೋದಳು. ಕುಲಾಯಿ ತೊಟ್ಟ ಗುಂಡಕಲ್ಲನ್ನು ಎತ್ತಿ ಎದೆಗವುಚಿಕೊಂಡು, ಖಾಲಿ ಕುರ್ಚಿಯ ಕಡೆ ತಿರುಗಿದಳು. "ಯಪ್ಪಾ, ಅಷ್ಟು ಮ್ಯಾಲಿಂದ ಇಳದು ಬಂದೀದಿ. ಬರಿಗೈಲೆ ಹೋಗಂದ್ರ ಹೋಗಾಂವಲ್ಲ ನೀ, ಹುಕುಂ ಮೀರಂಗಿಲ್ಲಂತ ಈ ಹುಸೇನಬಿ ಹೇಳ್ತಾಳ. ಹುಕುಂ ಏನದ? ತೊಟ್ಟಲದಾಗ ಇದ್ದದ್ದು ತಗೊಂಡು ಬಾ ಅಂತ. ತಗೋ. ಇದ ಇತ್ತು ತೊಟ್ಟಲದಾಗ."

ಹುಸೇನಬಿ ಎದ್ದು ಬಂದು ತೊಟ್ಟಿಲ ಆಚೆ ಬದಿ ಕೂತಳು. ನಾಮಕರಣದಲ್ಲಿ ಮಾಡುವ ಹಾಗೆ, ಒಬ್ಬಳು ತೊಟ್ಟಿಲ ಮೇಲಿಂದ ಕೊಟ್ಟಳು, ಇನ್ನೊಬ್ಬಳು ಕೆಳಗಿಂದ ತೆಗೆದುಕೊಂಡಳು. "ಇದನ್ನ ತಗೋ, ಅದನ್ನ ಬಿಡು." ಗುಂಡಕಲ್ಲು ಗಿರಣಿಯ ಹೆಂಗಸರ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಶರಣಮ್ಮನ ಹೊಟ್ಟೆಯ ಕಡೆ ನೋಡುತ್ತ ಹೇಳಿದರು, "ಇದನ್ನ ತಗೋ, ಅದನ್ನ ಬಿಡು." ಕಡೆಗೆ ನನ್ನ ಕೈಗೆ ಬಂತು. ಎಣ್ಣೆ ಹಚ್ಚಿದ ಕಲ್ಲು, ಹುಟ್ಟಿದ ಕೂಸಿಗಿಂತ ಭಾರ. ನಾನೂ ಹೇಳಿದೆ. ಜೋರಾಗಿಯೇ ಹೇಳಿದೆ. ಅದನ್ನು ಕುರ್ಚಿಯ ಟವೆಲಿನ ಮೇಲೆ ಇಟ್ಟೆ.

"ಈಗ ಓದ," ಎಂದಳು ನಿಂಗಮ್ಮ.

ಇದ್ದದ್ದನ್ನು ಇದ್ದಂತೆಯೇ ಓದಿದೆ. ಒಂದಕ್ಷರ ಬಿಡಲಿಲ್ಲ. 'ಎತ್ತಿಕೊಂಡ' ಎಂದಾಗ ಎಲ್ಲರೂ ಕುರ್ಚಿಯ ಕಡೆ ನೋಡಿದರು. 'ಇದು ಭೂಮಿಯ ಹೂವಲ್ಲ' ಎಂದಾಗ ನುಚ್ಚು ಕೇರುವ ಹುಡುಗಿಯೊಬ್ಬಳು ಕಿಸಕ್ಕೆಂದಳು. "ಹೂವಂತ! ಎತ್ತಿ ನೋಡಲಿ, ಟೊಂಕ ಹಿಡೀತದ." ಶರಣಮ್ಮ ನಕ್ಕಳು. ಚಂದ್ರಿಕಾ ನಕ್ಕಂತಲ್ಲ, ನಿಜವಾಗಿ ನಕ್ಕಳು. ಎಲ್ಲರೂ ಎದ್ದು ಮಂಗಳಾರತಿ ಹಾಡಿದರು. ಕಾಯಿ ಒಡೆದರು. ಅದೇ ಹೊತ್ತಿಗೆ ವೀರಭದ್ರಪ್ಪ ಸಾಹೇಬರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅವರು ತೊಟ್ಟಿಲು ನೋಡಿದರು. ಕಾಯಿನೀರು ಹರಿಯುತ್ತಿದ್ದ ನೆಲ ನೋಡಿದರು. ತಮ್ಮ ಕುರ್ಚಿಯಲ್ಲಿ ಕುಲಾಯಿ ಹಾಕಿಕೊಂಡು ಕೂತಿದ್ದ ಗುಂಡಕಲ್ಲು ನೋಡಿದರು.

"ಏನ್ರಿ ಇದು?"

ನಿಂಗಮ್ಮ ಸಕ್ಕರೆ ಕೊಟ್ಟು, "ತಗೋರಿ ಸಾಹೇಬ್ರ. ಹೊರಗಿನ ಬಾಕಿನ ಮ್ಯಾಲ ಕುಂದರ್ರಿ ಹೊತ್ತು ಮುಣಗೋತನ. ಅಂವ ಇನ್ನೂ ಹೋಗಿಲ್ಲ" ಎಂದಳು.

"ಯಾರು?"

"ದೇವದೂತ."

ಸಾಹೇಬರು ಪಾಪ, ಹೊರಗಿನ ಬಾಕಿನ ಮೇಲೆ ಕೂತರು. ಮರುದಿನ ನನಗೆ ನೋಟೀಸು ಕೊಟ್ಟರು. 'ಗ್ರಂಥಾಲಯದಲ್ಲಿ ಅಡುಗೆ ಸಾಮಾನು ಇಟ್ಟಿದ್ದಕ್ಕೆ ಕಾರಣವೇನು?' ನಾನು, 'ಮಹಿಳೆಯರನ್ನು ಗ್ರಂಥಾಲಯದತ್ತ ಸೆಳೆಯುವ ಸಲುವಾಗಿ' ಎಂದು ಉತ್ತರ ಬರೆದೆ. ಸುತ್ತೋಲೆಯಲ್ಲಿದ್ದ ಮಾತೇ ಅದು. ಅವರು ಓದಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದರು.

ಗುಂಡಕಲ್ಲನ್ನು ಯಾರೂ ಒಯ್ಯಲಿಲ್ಲ. ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಬಾರದಲ್ಲ. ನಾನು ಅದನ್ನು 'ಇತರೆ' ಕಪಾಟಿನ ಕೆಳಗೆ ಸರಿಸಿದೆ. ಮಧ್ಯಾಹ್ನದ ಓದು ನಡೆಯಿತು. ಆದರೆ ಶರಣಮ್ಮ ಬರುವುದು ನಿಂತಿತು. ದಿನ ತುಂಬುತ್ತ ಬಂದಿದ್ದವು, ಚೀಕಲಪರ್ವಿಯ ತವರಿಗೆ ಹೋದಳು. ನಿಂಗಮ್ಮನೂ ಹೋದಳು. ನನಗೆ ಕೆಲಸದಲ್ಲಿ ಮನಸ್ಸು ನಿಲ್ಲದಾಯಿತು. ಹೆಸರು ಬರೆಯುವಲ್ಲಿ ಪುಸ್ತಕ, ಪುಸ್ತಕ ಬರೆಯುವಲ್ಲಿ ಹೆಸರು ಬರೆದೆ. ಹೋಗಿ ಬರುವಾಗಲೆಲ್ಲ ಕಪಾಟಿನ ಕೆಳಗಿನ ಕಲ್ಲಿನ ಮೇಲೆ ಕಣ್ಣು ಬೀಳುತ್ತಿತ್ತು. ಒಂದು ಕಡೆ ನನ್ನ ಮೇಲೆ ನನಗೇ ಸಿಟ್ಟು. ಕಲ್ಲಿನಿಂದ ಏನಾಗುತ್ತದೆ, ಕಾಗದದಿಂದ ಏನಾಗುತ್ತದೆ ಎಂದು ಬುದ್ಧಿ ಹೇಳುತ್ತಿತ್ತು. ಇನ್ನೊಂದು ಕಡೆ ಒರೆಸುವ ಬಟ್ಟೆ ಕೈಗೆ ಬಂದರೆ ಮೊದಲು ಆ ಕಲ್ಲನ್ನೇ ಒರೆಸುತ್ತಿದ್ದೆ.

ಜೋಳದ ರಾಶಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಿಂಗಮ್ಮ ಬಾಗಿಲಲ್ಲಿ ಕಾಣಿಸಿದಳು. ಹರವಿಯಿಂದ ನೀರು ಕುಡಿದಳು. ಬಾಯೊರೆಸಿಕೊಂಡಳು. ನಾನು ಎದ್ದು ನಿಂತು ಕಾಯುತ್ತಿದ್ದೆ, ಅವಳಿಗೇನು ಅವಸರ?

"ಗುಂಡಕಲ್ಲು ಎಲ್ಲದ?" ಎಂದಳು.

ತೋರಿಸಿದೆ.

"ಕೊಡು. ಮನ್ಯಾಗ ಖಾರ ಅರಿಯಾಕ ಇಲ್ಲ. ಬಾಣಂತಿಗೆ ಸಾರು ಮಾಡಬೇಕು, ನೆರಿಮನ್ಯಾಕಿನ್ನ ಕೇಳಿದ್ರ ದಿನಾ ಮಾರಿ ಗಂಟ ಹಾಕ್ತಾಳ."

ಬಾಣಂತಿ ಎಂದಳೋ ಇಲ್ಲವೋ, ನಾನು ಅಲ್ಲೇ ನೆಲಕ್ಕೆ ಕೂತೆ. ಅಷ್ಟರಲ್ಲಿ ಅವಳ ಹಿಂದಿನಿಂದ ಶರಣಮ್ಮ ಒಳಗೆ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಎದೆಗೆ ಗಂಟು ಅವುಚಿಕೊಂಡಿದ್ದಳು. ಗಂಟಿನೊಳಗಿಂದ ಒಂದು ಮುಷ್ಟಿ ಹೊರಗೆ ಬಂದು ಗಾಳಿಗೆ ಗುದ್ದಿತು. ಹೆಣ್ಣು ಕೂಸು. ಕಪ್ಪಗೆ, ಗುಂಡಗೆ, ಸಿಟ್ಟಿನ ಮುಖ ಮಾಡಿಕೊಂಡಿತ್ತು.

ನಿಂಗಮ್ಮ ಬಗ್ಗಿ ಕಲ್ಲಿಗೆ ಕೈ ಹಾಕಿದಳು.

"ಅತ್ತಿ, ಮುಟ್ಟಬ್ಯಾಡ್ರಿ," ಎಂದಳು ಶರಣಮ್ಮ. ಆ ಗ್ರಂಥಾಲಯ ಕೇಳಿದ ಅವಳ ಎರಡನೆಯ ಮಾತು. "ಅದು ಅವಂದು. ಒಯ್ಯಾಕ ಆಗಿಲ್ಲಂದ್ರ ಅದು ಅವನ ಹಣೇಬರಹ. ನಾವು ಕೊಟ್ಟೀವಿ."

ನಿಂಗಮ್ಮ ಸೊಂಟ ಹಿಡಿದು ಎದ್ದಳು. "ಹಂಗಾರ ಖಾರ?"

"ಸಂತಿಗೆ ಹೋಗ್ರಿ. ಹೊಸಾದು ತರ್ರಿ."

ಕಲ್ಲು ಅಲ್ಲೇ ಉಳಿಯಿತು. ನಾನು ಮಾನ್ವಿ ಬಿಟ್ಟು ರಾಯಚೂರಿಗೆ ಹೋದಾಗಲೂ ಅಲ್ಲೇ ಇತ್ತು. ರಾಯಚೂರಿನಲ್ಲಿ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕಾಲ ಬಂತು. ದೇವದೂತನ ಪುಸ್ತಕ ಬಂದರೆ ಕಂಪ್ಯೂಟರ್ ವಿಷಯ ಯಾವುದು ಎಂದು ಕೇಳುತ್ತಿತ್ತು, ಹೊಸದಾಗಿ ಬಂದ ಹುಡುಗ ಸಾಹೇಬರು ನನ್ನ ಮುಖ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ನನಗೆ ಸ್ವಲ್ಪ ಬಾಯಿ ಬಂದಿತ್ತು. "ಕಾದಂಬರಿ ಅಂತ ಬರೀರಿ," ಎನ್ನುತ್ತಿದ್ದೆ. ನಿವೃತ್ತಿಯ ತನಕ ಮೇಲಿನವರಿಗೆ ನಾನು ಕೊಟ್ಟ ಸಲಹೆ ಅದೊಂದೇ.

ಸಹನಾ, ನಿನ್ನ ಗ್ರಂಥಾಲಯಕ್ಕೂ ಹೆಂಗಸರು ಬರುತ್ತಾರೆ. ಮೊದಲು ನೀರಿಗೆ ಬರುತ್ತಾರೆ, ಆಮೇಲೆ ಕಥೆಗೆ. ಎಷ್ಟು ಒಳ್ಳೆಯ ಪುಸ್ತಕ ತೆಗೆದರೂ ಅವರು ಕೇಳುವುದು ರೆಕ್ಕೆಯವನನ್ನೇ. ಬೈಯಬೇಡ. ಓದು. ಜೋರಾಗಿ ಓದು. ಕಡೆಯ ಹಾಳೆ ಇದೆಯೇ ನೋಡಿಕೋ, ಅದರಲ್ಲಿ ಏನಿದೆ ಎಂದೂ ನೋಡಿಕೋ. ಇಲಾಖೆಯವರು ನಿನಗೆ ಕುರ್ಚಿ ಕೊಡುತ್ತಾರೆ, ಕಪಾಟು ಕೊಡುತ್ತಾರೆ, ಈಗ ಕಂಪ್ಯೂಟರನ್ನೂ ಕೊಡುತ್ತಾರಂತೆ. ಗುಂಡಕಲ್ಲು ಕೊಡುವುದಿಲ್ಲ. ಹಿತ್ತಲಲ್ಲಿ ನನ್ನದೊಂದು ಇದೆ, ಮಿಕ್ಸರ್ ಬಂದ ಮೇಲೆ ಸುಮ್ಮನೆ ಬಿದ್ದಿದೆ. ಬಸ್ಸಿನಲ್ಲಿ ಒಯ್ಯಲು ಭಾರ, ಕಿರಣನನ್ನು ಜೊತೆಗೆ ಕರೆದುಕೊಂಡು ಹೋಗು.